ಒಂದೇ ಮನೆಯ ಇಬ್ಬರು ಅರ್ಜಿದಾರರು

ಆ ಮನೆಯಲ್ಲಿ ತಪ್ಪು ಹೊತ್ತು ತೋರಿಸುವ ಗಡಿಯಾರ ಒಂದೂ ಇರಲಿಲ್ಲ. ಇರಲು ತಕ್ಕಡಿಯಮ್ಮ ಬಿಟ್ಟರೆ ತಾನೆ. ಗೋಡೆ ಗಡಿಯಾರ, ಅಡುಗೆಮನೆಯ ತೂಕದ ಯಂತ್ರ, ಜ್ವರ ನೋಡುವ ಕಡ್ಡಿ, ಎಲ್ಲವನ್ನೂ ಆಗಾಗ ಮುಂದೆ ಕೂರಿಸಿಕೊಂಡು ವಿಚಾರಣೆ ಮಾಡುತ್ತಿದ್ದಳು. ಅವಳ ಹೊಟ್ಟೆಪಾಡೇ ಅದು. ಕಾರ್ಖಾನೆ, ಆಸ್ಪತ್ರೆ, ಅಂಗಡಿಗಳವರು ಕಳಿಸುವ ಮಾಪಕಗಳನ್ನು ನಂಬಿಕಸ್ತ ಮಾಪಕವೊಂದರ ಪಕ್ಕದಲ್ಲಿಟ್ಟು, ಎಷ್ಟು ಹೆಚ್ಚು ಹೇಳುತ್ತದೆ, ಎಷ್ಟು ಕಡಿಮೆ ಹೇಳುತ್ತದೆ ಎಂದು ನೋಡಿ ಚೀಟಿ ಅಂಟಿಸುವ ಪರೀಕ್ಷಾಲಯದಲ್ಲಿ ಅವಳು ಮದುವೆಗೆ ಮುಂಚಿನಿಂದಲೂ ಇದ್ದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದೆರಡು ವರ್ಷ ದುಡಿದು ಆಮೇಲೆ ಮುಂದೆ ಓದುತ್ತೇನೆ ಎಂದುಕೊಂಡು ಸೇರಿದವಳು. ಆ ಒಂದೆರಡು ವರ್ಷ ಇನ್ನೂ ಮುಗಿದಿರಲಿಲ್ಲ.

ಗಂಡ ಸಿಕ್ಕಿದ್ದೂ ಅಲ್ಲಿಯೇ. ಅವನು ಬೇಕರಿಯವನು. ಒಲೆಯ ಉಷ್ಣಮಾಪಕ ಕೆಟ್ಟಿದೆಯೇನೋ ನೋಡಿ ಎಂದು ತಂದುಕೊಟ್ಟಿದ್ದ. "ಅವತ್ತು ನನ್ನ ಒಲೆ ಸರಿಹೋಯ್ತು, ನಾನು ಕೆಟ್ಟೆ" ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ತಕ್ಕಡಿಯಮ್ಮ ಎಂದು ಹೆಸರಿಟ್ಟವನೂ ಅವನೇ.

ಮಗಳು ಬೇರೆ ಥರ. ಅವಳಿಗೆ ನೆಲದ ಮೇಲಿನದು ಯಾವುದೂ ಸಾಲದು. ಉಪಗ್ರಹ ತೆಗೆದ ಚಿತ್ರ ನೋಡಿ ಕಾಡೆಷ್ಟು ಒಣಗಿದೆ, ಕೆರೆಯೆಷ್ಟು ಕದಡಿದೆ ಎಂದು ಹೇಳುವ ದೂರಸಂವೇದನೆಯ ಓದು ಅವಳದು. ಆ ವರ್ಷವಷ್ಟೇ ಎಂ.ಎಸ್ಸಿ. ಮುಗಿಸಿದ್ದಳು. ಪಿಎಚ್.ಡಿ.ಗೆ ಎಲ್ಲೆಲ್ಲಿ ಜಾಗ ಇದೆಯೆಂದು ಫೋನಿನಲ್ಲಿ ಹುಡುಕುವುದೇ ಅವಳ ಹಗಲಿನ ಕೆಲಸವಾಗಿತ್ತು.

ಒಂದು ಸಂಜೆ ತಕ್ಕಡಿಯಮ್ಮ ಬಟಾಣಿ ಬಿಡಿಸುತ್ತ ಕೂತಿದ್ದಾಗ ಮಗಳು ಓಡಿಬಂದು ಎದುರಿಗೆ ಕುಕ್ಕರಿಸಿ, ಫೋನು ನೋಡಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಸಂಶೋಧನಾ ಸಂಸ್ಥೆಯೊಂದು ಪಿಎಚ್.ಡಿ.ಗೆ ಜನ ತೆಗೆದುಕೊಳ್ಳುತ್ತಿತ್ತು. ವಿಷಯ ಉಪಗ್ರಹಗಳ ಬೆಳಕಿನ ಮಾಪಕಗಳ ಕ್ಯಾಲಿಬ್ರೇಷನ್. ಆಕಾಶದಲ್ಲಿರುವ ಮಾಪಕದ ಕಣ್ಣು ವರ್ಷ ಕಳೆದಂತೆ ಮಂಜಾಗುತ್ತ ಹೋಗುತ್ತದೆ. ಅದನ್ನು ಕೆಳಗಿಳಿಸಿ ರಿಪೇರಿ ಮಾಡುವಂತಿಲ್ಲ. ಅದು ತಲೆಯ ಮೇಲೆ ಹಾಯುವ ಹೊತ್ತಿಗೆ ಸರಿಯಾಗಿ ಕೆಳಗಿನವರು ಅದೇ ನೆಲದ ಬೆಳಕನ್ನು ಅಳೆದು, ಎರಡನ್ನೂ ತಾಳೆ ನೋಡಿ, ಎಷ್ಟು ವ್ಯತ್ಯಾಸ ಎಂದು ಹೇಳಬೇಕು.

ಅರ್ಧ ಓದುವಷ್ಟರಲ್ಲಿ ತಕ್ಕಡಿಯಮ್ಮನ ಕೈ ನಿಂತುಹೋಯಿತು. ಮಡಿಲಿನಲ್ಲಿದ್ದ ಬಟಾಣಿಯೆಲ್ಲ ನೆಲದ ಮೇಲೆ ಉರುಳಿತು. ಅವಳು ಹೆಕ್ಕಲೂ ಇಲ್ಲ.

"ಮತ್ತೆ ಓದು" ಎಂದಳು.

ಮಗಳು ಮತ್ತೆ ಓದಿದಳು. ವಯಸ್ಸಿನ ಮಿತಿ ಇಲ್ಲ, ಮಾಪಕಗಳ ಕೆಲಸ ಮಾಡಿ ಗೊತ್ತಿರುವವರೂ ಅರ್ಜಿ ಹಾಕಬಹುದು ಎಂಬ ಸಾಲು ಬಂದಾಗ ನಕ್ಕಳು. "ಕೇಳಿದ್ಯಾ? ನೀನೂ ಒಂದು ಹಾಕಿಬಿಡು."

ತಮಾಷೆಯ ಮಾತು ಬೆಂಕಿಕಡ್ಡಿ ಇದ್ದ ಹಾಗೆ. ಗೀರಿದವರು ಮರೆತು ಆಚೆ ಹೋಗಿರುತ್ತಾರೆ. ತಕ್ಕಡಿಯಮ್ಮ ಆ ರಾತ್ರಿಯ ಬೇಳೆಗೆ ಉಪ್ಪು ಹಾಕುವುದನ್ನು ಮರೆತಳು. ಮಾರನೆಯ ದಿನ ಪರೀಕ್ಷಾಲಯದಲ್ಲಿ ಕೂತು ಸಂಸ್ಥೆಯವರ ಹಳೆಯ ಲೇಖನಗಳನ್ನೆಲ್ಲ ಓದಿದಳು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆಗದ ಅರ್ಧಕ್ಕೇ ಅವಳ ಎದೆ ಹೆಚ್ಚು ಹೊಡೆದುಕೊಂಡಿತು. ವಾರ ಕಳೆಯುವಷ್ಟರಲ್ಲಿ ಅರ್ಜಿ ಹಾಕಿದಳು. ಹಾಕಿದ್ದನ್ನು ಮುಚ್ಚಿಡುವ ಹೆಂಗಸಲ್ಲ. ಅವತ್ತೇ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಬಿಟ್ಟಳು.

ಬೇಕರಿಯವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನ ತಾಯಿ, ಮಂಡಿ ನೋವಿನ ದೆಸೆಯಿಂದ ದಿನವೆಲ್ಲ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ ಅತ್ತೆ, ಸೊಸೆಯನ್ನೊಮ್ಮೆ ಮೊಮ್ಮಗಳನ್ನೊಮ್ಮೆ ನೋಡಿದಳು.

"ಎಷ್ಟು ಸೀಟು ಅಂತ ಓದಿದ್ಯಾ ಅಮ್ಮ?" ಎಂದು ಮಗಳು ಕೇಳಿದಳು.

"ಓದಿದೆ. ಒಂದು."

"ಒಂದು ಅಂತ ಗೊತ್ತಿದ್ದೂ ನನ್ನ ತಟ್ಟೆಗೆ ಕೈ ಹಾಕ್ದೆ."

"ತಟ್ಟೆ ಇನ್ನೂ ಯಾರ ಮುಂದೂ ಬಂದಿಲ್ಲ. ಬಂದಾಗ ನೋಡೋಣ."

"ನಿಂಗೆ ಕೆಲಸ ಇದೆ, ಸಂಬಳ ಇದೆ. ನಂಗೇನಿದೆ?"

"ನಿಂಗೆ ವಯಸ್ಸಿದೆ" ಎಂದಳು ತಕ್ಕಡಿಯಮ್ಮ. ಹೇಳಿದ ಮೇಲೆ ಅವಳಿಗೇ ಅದು ಒರಟಾಯಿತೇನೋ ಅನ್ನಿಸಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಮಗಳು ತಟ್ಟೆ ಎತ್ತಿಕೊಂಡು ಎದ್ದಳು. ಅವತ್ತಿನಿಂದ ತಾಯಿಮಗಳಿಗೆ ಮಾತು ನಿಂತಿತು. ಹೇಳಬೇಕಾದ್ದೆಲ್ಲ ಅತ್ತೆಯ ಮೂಲಕ ಹೋಗಿಬರುತ್ತಿತ್ತು. ಅಜ್ಜಿ, ನೀರು ಕಾದಿದೆ ಅಂತ ಅವರಿಗೆ ಹೇಳು. ಅತ್ತೆ, ಒಣಗಿದ ಬಟ್ಟೆ ತೆಗೆದಿಡೋಕೆ ಹೇಳಿ ಅವಳಿಗೆ. ಎರಡು ದಿನ ಅಂಚೆಯಾಳಿನ ಕೆಲಸ ಮಾಡಿದ ಅತ್ತೆ, ಮೂರನೆಯ ದಿನ ಹೊಲಿಗೆ ಯಂತ್ರದ ಸದ್ದು ಜೋರು ಮಾಡಿ, ತನಗೆ ಏನೂ ಕೇಳಿಸುವುದಿಲ್ಲ ಎಂದುಬಿಟ್ಟಳು.

ಇಬ್ಬರಿಗೂ ಲಿಖಿತ ಪರೀಕ್ಷೆಗೆ ಕರೆ ಬಂತು. ಮನೆಯಲ್ಲಿ ಓದಲು ಇದ್ದದ್ದು ಒಂದೇ ಮೇಜು. ಒಂದು ಕಡೆ ತಾಯಿ, ಇನ್ನೊಂದು ಕಡೆ ಮಗಳು, ನಡುವೆ ಹಣ್ಣಿನ ಬುಟ್ಟಿ. ತಕ್ಕಡಿಯಮ್ಮನಿಗೆ ಓದುವಾಗ ಗುನುಗುವ ಚಾಳಿ. ಬೆಳಕು ಗಾಳಿಯಲ್ಲಿ ಹಾದುಬರುವಾಗ ಎಷ್ಟು ಚದುರುತ್ತದೆ ಎಂಬ ಲೆಕ್ಕವನ್ನು ಗುನುಗುತ್ತ, ಒಂದು ಕಡೆ ಗುಣಿಸಬೇಕಾದ್ದನ್ನು ಭಾಗಿಸಿದಳು. ಮತ್ತೆ ಮಾಡಿದಳು, ಮತ್ತೆ ಭಾಗಿಸಿದಳು. ಎದುರಿಗಿದ್ದವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕೊನೆಗೆ ತಡೆಯಲಾರದೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕಿತ್ತುಕೊಂಡು, ತಾನೇ ಬರೆದು ತೋರಿಸಿದಳು.

"ಇದನ್ನ ಹೇಳಿಕೊಟ್ಟೆ ಅಂತ ರಾಜಿ ಆಯ್ತು ಅನ್ಕೋಬೇಡ. ನಂಗೆ ತಪ್ಪು ಲೆಕ್ಕ ಕೇಳಿಸಿಕೊಂಡು ಕೂರೋಕಾಗಲ್ಲ ಅಷ್ಟೇ."

"ನಂಗೂ ಆಗಲ್ಲ. ನನ್ನ ರಕ್ತವೇ ಅಲ್ವಾ" ಎಂದಳು ತಕ್ಕಡಿಯಮ್ಮ.

ಅಲ್ಲಿಂದ ಓದು ಒಟ್ಟಿಗೆ ನಡೆಯಿತು. ಜಗಳವೂ ಒಟ್ಟಿಗೇ ನಡೆಯಿತೆನ್ನಿ. ಮಗಳು ಸೂತ್ರ ಹೇಳಿಕೊಟ್ಟರೆ ತಾಯಿ ಮಾಪಕದ ಸ್ವಭಾವ ಹೇಳಿಕೊಡುತ್ತಿದ್ದಳು. ಯಂತ್ರ ಬೆಚ್ಚಗಾಗುವ ತನಕ ಅದರ ಮಾತು ಕೇಳಬಾರದು, ಮುಚ್ಚಳ ಹಾಕಿ ಕತ್ತಲೆಯಲ್ಲಿ ಏನು ತೋರಿಸುತ್ತದೆ ಎಂದು ಮೊದಲು ನೋಡಬೇಕು, ಒಂದು ಸಲ ಬಂದ ಅಂಕಿ ಸಾಲದು, ಮತ್ತೆ ಅದೇ ಬರುತ್ತದೆಯೇ ನೋಡಬೇಕು. ಇಬ್ಬರ ಕಣ್ಣಲ್ಲೂ ಒಂದು ಮಿಂಚು ಬಂದಿತ್ತು. ಬೆಳಗ್ಗೆ ಹಲ್ಲುಜ್ಜುತ್ತಲೇ ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಿದ್ದರು.

ಆ ವಾರಗಳಲ್ಲಿ ಮನೆಯ ಒಲೆ ಅನಾಥವಾಯಿತು. ಬೇಕರಿಯವನು ಕೋಳಿ ಕೂಗುವ ಮುಂಚೆ ಎದ್ದು ಹೋಗಿ, ಮಧ್ಯಾಹ್ನ ಬರುವಾಗ ಉಳಿದ ಬ್ರೆಡ್ಡು ತರುತ್ತಿದ್ದ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು ಮೊಟ್ಟೆ, ರಾತ್ರಿ ಮೊಟ್ಟೆ ಬ್ರೆಡ್ಡು. ನಾಲ್ಕನೆಯ ದಿನ ಅತ್ತೆ, ತಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ಬೇಕರಿಯಲ್ಲಿ ಬಾಡಿಗೆಗಿರುವ ಹಾಗೆ ಅನ್ನಿಸಿದ್ದು ಇದೇ ಮೊದಲು ಎಂದಳು. ಮಗ ತೋಳೇರಿಸಿ ಅನ್ನ ಮಾಡಲು ಹೋದ. ತಳ ಹಿಡಿಯಿತು. ಮಾರನೆಯ ದಿನ ನೀರು ಹೆಚ್ಚಾಯಿತು. ಹಿಟ್ಟು ಹದ ಮಾಡಲು ಬರುವವನಿಗೆ ಅಕ್ಕಿ ಹದ ಮಾಡಲು ಬರದೆ ಹೋದದ್ದು ಅವನಿಗೇ ಅವಮಾನವಾಗಿ, ಹಟ ಹಿಡಿದು ಕಲಿತ.

ಲಿಖಿತ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಉಳಿದದ್ದು ಕೈಯಾರೆ ಅಳೆದು ತೋರಿಸುವುದು, ಆಮೇಲೆ ಸಂದರ್ಶನ. ಅತ್ತೆ ಕಿತ್ತಳೆ ಬಣ್ಣದ ಉಣ್ಣೆ ಬಟ್ಟೆ ತರಿಸಿ ಸೊಸೆಗೊಂದು ಕೋಟು ಹೊಲಿದಳು. ಅಷ್ಟು ದೊಡ್ಡವರ ಮುಂದೆ ಹೋಗುವಾಗ ಜನ ದೂರದಿಂದಲೇ ಗುರುತಿಸುವ ಹಾಗಿರಬೇಕು ಎಂಬುದು ಅವಳ ವಾದ. ಮೊಮ್ಮಗಳಿಗೂ ಹೊಲಿಯುತ್ತೇನೆಂದಳು. ಅವಳು ತನ್ನ ಹಳೆಯ ಕಪ್ಪು ಜಾಕೆಟ್ಟೇ ಸಾಕೆಂದಳು.

ಬಸ್ಸಿನಲ್ಲಿ ಹೋಗುವಾಗ ಮಗಳು, "ಅಲ್ಲಿ ನಾನು ನಿನ್ನ ಮಗಳಲ್ಲ, ನೀನು ನನ್ನ ಅಮ್ಮ ಅಲ್ಲ" ಎಂದಳು. ತಕ್ಕಡಿಯಮ್ಮ ಆಗಲಿ ಎಂದಳು. ಆಮೇಲೆ ಅಭ್ಯಾಸಬಲದಿಂದ, ತಿಂಡಿಯ ಡಬ್ಬಿ ತಂದಿದ್ದೀಯಾ ಎಂದು ಕೇಳಿದಳು.

ಸಂಸ್ಥೆಯವರು ಕರೆದುಕೊಂಡು ಹೋದದ್ದು ಊರಾಚೆಯ ಬಳಕೆ ತಪ್ಪಿದ ವಿಮಾನ ಮೈದಾನಕ್ಕೆ. ಕಣ್ಣು ಹಾಯುವ ತನಕ ಬೂದು ಬಣ್ಣದ ಸಿಮೆಂಟು ನೆಲ, ಮೇಲೆ ತೊಳೆದಿಟ್ಟಂಥ ಆಕಾಶ. ಉಳಿದಿದ್ದ ಅಭ್ಯರ್ಥಿಗಳು ಆರು ಜನ. ಅವರಲ್ಲಿ ಒಬ್ಬರನ್ನು ತೆಗೆದುಕೊಳ್ಳಬೇಕಾದ ಪ್ರೊಫೆಸರು ಬಿಸಿಲಿಗೆ ಮೂಗು ಸುಲಿದಿದ್ದ ಗಟ್ಟಿ ದನಿಯ ಹೆಂಗಸು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅರ್ಜಿಯಲ್ಲಿನ ವಿಳಾಸ ನೋಡಿ ಅವರಿಗೆ ವಿಷಯ ಗೊತ್ತಾಗಿತ್ತು.

"ನೀವಿಬ್ಬರೂ ಒಂದೇ ಮನೆಯವರು. ಒಂದೇ ಜೋಡಿಯಾಗಿ ಹೋಗಿ. ಒಬ್ಬರ ತಪ್ಪು ಒಬ್ಬರು ಹೇಳ್ತೀರೋ ಮುಚ್ಚಿಡ್ತೀರೋ ನಂಗೂ ನೋಡಬೇಕು" ಎಂದರು.

ಕೆಲಸ ಹೇಳಲು ಸುಲಭ. ಉಪಗ್ರಹ ಹಾಯುವ ಹೊತ್ತಿಗೆ, ಕೋಲಿನ ತುದಿಗೆ ಕಟ್ಟಿದ ಬೆಳಕಿನ ಮಾಪಕವನ್ನು ಹಿಡಿದು ನೆಲದ ಮೇಲೆ ಗೆರೆ ಗೆರೆಯಾಗಿ ನಡೆಯಬೇಕು. ಆಗಾಗ ನಿಂತು, ಮುಕ್ಕಾಲಿಯ ಮೇಲಿಟ್ಟ ಬಿಳಿ ಹಲಗೆಯನ್ನು ಅಳೆಯಬೇಕು. ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಕಳಿಸುವ ಹಲಗೆ ಅದು. ನೆಲದ ಬೆಳಕನ್ನು ಅದರ ಜೊತೆ ಹೋಲಿಸುವುದು. ಒಬ್ಬರು ಅಳೆಯಬೇಕು, ಒಬ್ಬರು ಬರೆದುಕೊಳ್ಳಬೇಕು, ಅರ್ಧದಲ್ಲಿ ಕೈ ಬದಲಾಯಿಸಬೇಕು. ಉಪಗ್ರಹ ಕಾಯುವುದಿಲ್ಲ. ಈ ಸಲ ತಪ್ಪಿದರೆ ಮತ್ತೆ ಅದು ಇದೇ ದಾರಿಗೆ ಬರಲು ಎರಡು ವಾರ.

ಮೊದಲ ಸರದಿ ತಕ್ಕಡಿಯಮ್ಮನದು. ಉಳಿದ ಜೋಡಿಗಳು ಆಗಲೇ ನಡೆಯತೊಡಗಿದ್ದವು. ಅವಳು ಮಾತ್ರ ಮಾಪಕಕ್ಕೆ ಮುಚ್ಚಳ ಹಾಕಿಕೊಂಡು ನಿಂತೇ ಇದ್ದಳು. ಮಗಳು ಹೊತ್ತಾಯಿತು ಎಂದು ಕಾಲು ಕುಟ್ಟಿದಳು. ಬೆಚ್ಚಗಾಗಲಿ ಎಂದಳು ತಾಯಿ. ಕತ್ತಲೆಯ ಅಂಕಿ ಅಲ್ಲಾಡುವುದು ನಿಂತ ಮೇಲೆ ಮುಚ್ಚಳ ತೆಗೆದು, ಬಿಳಿ ಹಲಗೆಯ ಹತ್ತಿರ ಹೋಗಿ ಬಾಗಿ ಹಿಡಿದಳು.

ಯಾವ ಬಣ್ಣದ ಬೆಳಕು ಎಷ್ಟಿದೆ ಎಂದು ಮಾಪಕದ ಪರದೆಯಲ್ಲಿ ಮೂಡಿದ ಗೆರೆಯನ್ನು ಮಗಳು ಇಣುಕಿ ನೋಡಿದಳು. ಹುಬ್ಬು ಗಂಟಿಕ್ಕಿದಳು. ಪರದೆಯಿಂದ ಹಲಗೆಗೆ, ಹಲಗೆಯಿಂದ ತಾಯಿಯ ಕಡೆಗೆ ಕಣ್ಣು ಹೋಯಿತು. ಹೆತ್ತವಳಿಗೆ ಆ ಮುಖ ಗೊತ್ತು. ಅವಳಿಗೆ ಏನೋ ಕಂಡಿದೆ, ಹೇಳಲೋ ಬೇಡವೋ ಎಂದು ನೋಡುತ್ತಿದ್ದಾಳೆ. ಏನು ಎಂದು ಕೇಳಲು ತಕ್ಕಡಿಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಇಲ್ಲಿ ತಾನು ಅಮ್ಮನಲ್ಲವಲ್ಲ.

"ಅಮ್ಮ, ಕೋಟು ಬಿಚ್ಚು" ಎಂದಳು ಮಗಳು.

"ಏನು?"

"ನಿನ್ನ ಕೋಟಿನ ಬಣ್ಣ ಹಲಗೆ ಮೇಲೆ ಬೀಳ್ತಿದೆ. ಕೆಂಪು ಕಡೆ ಎಲ್ಲ ಮೇಲೆ ಹೋಗಿದೆ ನೋಡು. ನಂಗೂ ಈಗ್ಲೇ ಹೊಳೆದದ್ದು, ಇಲ್ಲಿಗೆ ಕಪ್ಪೇ ಹಾಕ್ಕೊಂಡು ಬರಬೇಕು. ತಗೋ, ನಂದು ಹಾಕ್ಕೋ."

ಕಪ್ಪು ಜಾಕೆಟ್ಟು ಬಿಚ್ಚಿದರೆ ಮಗಳ ಮೈಮೇಲೆ ಇದ್ದದ್ದು ಬಿಳಿ ಅಂಗಿ. ಅದು ಕಿತ್ತಳೆಗಿಂತ ಕೇಡು. ಅವಳು ಕಿತ್ತಳೆ ಕೋಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ದೂರಕ್ಕೆ ಓಡಿದಳು. ಕೈ ಬದಲಾಯಿಸಲು ಆಮೇಲೆ ಹೊತ್ತೆಲ್ಲಿತ್ತು? ತಕ್ಕಡಿಯಮ್ಮ ಒಬ್ಬಳೇ ಗೆರೆ ಗೆರೆ ನಡೆದು ಅಂಕಿ ಕೂಗಿದಳು, ಮಗಳು ದೂರದಿಂದ ಅದನ್ನು ತಿರುಗಿ ಕೂಗಿ ಬರೆದುಕೊಂಡಳು. ಸಂತೆಯಲ್ಲಿ ಸವಾಲು ಕೂಗುವವರ ಹಾಗೆ ಇಬ್ಬರ ದನಿಯೂ ಆ ಬಯಲಿನಲ್ಲಿ ಮೊಳಗಿತು. ನಡುವೆ ಮೇಡಂ ಕೈಯೆತ್ತಿದರು. ಅದು ಈಗ ಮೇಲಿದೆ ಎಂದು ಅರ್ಥ. ಆಕಾಶದಲ್ಲಿ ಏನೂ ಕಾಣಲಿಲ್ಲ. ಆದರೂ ತಕ್ಕಡಿಯಮ್ಮನ ಮುಖ ಅರಳಿತು. ಎಲ್ಲೋ ಎತ್ತರದಲ್ಲಿ ಒಂದು ಕಣ್ಣು ತನ್ನ ಕಾಲಡಿಯ ನೆಲವನ್ನೇ ನೋಡುತ್ತಿದೆ, ಅದು ಕಂಡದ್ದನ್ನೇ ತಾನೂ ಕಾಣುತ್ತಿದ್ದಾಳೆ.

ಸಂದರ್ಶನದಲ್ಲಿ ಕೋಟು ಬದಲಾಯಿಸಿದ್ದು ಯಾಕೆ ಎಂದು ಕೇಳಿದರು. ತನಗೆ ಗೊತ್ತಿರಲಿಲ್ಲ, ಮಗಳು ಹೇಳಿದಳು, ಹೇಳದಿದ್ದರೆ ಅಷ್ಟೂ ಅಂಕಿ ಕೆಡುತ್ತಿತ್ತು ಎಂದು ತಕ್ಕಡಿಯಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಮಗಳನ್ನು ಕೇಳಿದಾಗ ಅವಳು, ತಪ್ಪು ಕಂಡ ಮೇಲೆ ಬಾಯಿ ಮುಚ್ಚಿಕೊಂಡಿರುವುದು ತಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ ಎಂದಳಂತೆ.

ಹತ್ತು ಹದಿನೈದು ದಿನ ಕಳೆದ ಮೇಲೆ ಮೇಡಂ ಫೋನು ಬಂತು. ತಕ್ಕಡಿಯಮ್ಮ ತರಕಾರಿ ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಸೀಟು ಅವಳಿಗೆ. ಈ ವರ್ಷದ ಕೆಲಸ ಹೆಚ್ಚಾಗಿ ಮಾಪಕಗಳ ಕೋಣೆಯದು, ಮೊದಲ ದಿನದಿಂದಲೇ ಕೈ ಪಳಗಿದವರು ಬೇಕು. ಮಗಳ ಬಗ್ಗೆಯೂ ಹೇಳಿದರು. ಪಟ್ಟಿಯಲ್ಲಿ ಅವಳದು ಎರಡನೆಯ ಹೆಸರು. ಬಂದರಿನ ಊರಿನಲ್ಲಿ ಸಮುದ್ರದ ಬಣ್ಣವನ್ನು ಹಡಗಿನಿಂದ ಅಳೆಯುವ ತಂಡವೊಂದಿದೆ, ಅಲ್ಲಿ ಜಾಗ ಖಾಲಿ ಇದೆ. ಹೇಳಿಟ್ಟಿದ್ದೇನೆ, ಆದರೆ ಅರ್ಜಿ ಹಾಕಿ ಗೆಲ್ಲುವುದು ಅವಳ ಕೈಯಲ್ಲಿದೆ ಎಂದರು.

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಅಭಿನಂದನೆ ಎಂದಳು, ಬೇರೆಯವರ ಮನೆಯವಳಿಗೆ ಹೇಳಿದ ಹಾಗೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನಲ್ಲಿಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ತಕ್ಕಡಿಯಮ್ಮನಿಗೆ ಕುಣಿಯುವಷ್ಟು ಸಂತೋಷ. ಕುಣಿಯಲು ಕಾಲು ಬರಲಿಲ್ಲ. ಎರಡು ದಿನ ಒದ್ದಾಡಿ, ಬೆಳಗಿನ ಚಹಾದ ಹೊತ್ತಿಗೆ ಎಲ್ಲರನ್ನೂ ಕೂರಿಸಿ, ತಾನು ಒಲ್ಲೆ ಎಂದು ಹೇಳುತ್ತೇನೆ, ಆಗ ಪಟ್ಟಿಯಲ್ಲಿ ತನ್ನ ನಂತರ ಇರುವ ಮಗಳಿಗೆ ಸಿಗುತ್ತದೆ ಎಂದಳು.

ಮಗಳು ಚಹಾದ ಲೋಟ ಕೆಳಗಿಟ್ಟಳು. "ನೀನು ಬಿಟ್ಟುಕೊಟ್ಟ ಸೀಟಲ್ಲಿ ನಾನು ಕೂರಲ್ಲ. ನಂಗೆ ಹೊಟ್ಟೆ ಉರೀತಿದೆ, ನಿಜ. ಉರೀಲಿ, ಆರತ್ತೆ. ಆದ್ರೆ ನೀನು ತ್ಯಾಗ ಗೀಗ ಅಂತ ಮಾಡಿದ್ರೆ ಜನ್ಮದಲ್ಲಿ ಆರಲ್ಲ."

"ತ್ಯಾಗ ಅಲ್ಲ ಕಣೆ. ನಂಗೆ ಈ ವಯಸ್ಸಲ್ಲಿ ಯಾಕೆ..."

"ಮೈದಾನದಲ್ಲಿ ನಿನ್ನ ಮುಖ ನಾನು ನೋಡಿದೀನಿ ಅಮ್ಮ. ಯಾಕೆ ಅಂತ ನನ್ನ ಮುಂದೆ ಕೇಳಬೇಡ."

ಬೇಕರಿಯವನು ತಾಯಿಯ ಕಡೆ ನೋಡಿದ. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದ ಮೇಲೆ ಮಾತಾಡಿದಳು.

"ನೀನು ಈ ಮನೆಗೆ ಬಂದಾಗ ನನ್ನ ಹೊಲಿಗೆ ಅಂಗಡಿ ಎಷ್ಟು ಚೆನ್ನಾಗಿ ನಡೀತಿತ್ತು. ಮಗು ಹುಟ್ತು, ನೀನು ಕೆಲಸಕ್ಕೆ ಹೋಗಬೇಕು, ನಾನು ಅಂಗಡಿ ಮುಚ್ಚಿದೆ. ಯಾರೂ ಮುಚ್ಚು ಅಂದಿರಲಿಲ್ಲ. ನಾನೇ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಬಿಟ್ಟುಕೊಟ್ಟೆ ಅಂತ ಇವತ್ತಿನ ತನಕ ಎಷ್ಟು ಸಲ ಆಡಿ ತೋರಿಸಿದೀನಿ ಹೇಳು."

ತಕ್ಕಡಿಯಮ್ಮ ಚಹಾದ ಲೋಟಗಳನ್ನು ತನ್ನ ಹತ್ತಿರಕ್ಕೆ ಸರಿಸಿಕೊಂಡಳು. ಉತ್ತರ ಕೊಟ್ಟರೆ ದೊಡ್ಡ ಅಂಕಿಯನ್ನೇ ಹೇಳಬೇಕಾಗುತ್ತಿತ್ತು.

"ನೀನೂ ಹಾಗೇ ಆಡಿ ತೋರಿಸ್ತೀಯ. ಅವಳು ಹಾಗೇ ಕೇಳಿಸ್ಕೊಂಡು ಸಾಯ್ತಾಳೆ. ಈ ಮನೇಲಿ ಒಬ್ಬಳು ಸಾಕು ಆ ಥರದವಳು. ಹೋಗಿ ಓದ್ಕೋ."

ಸಂಬಳಕ್ಕಿಂತ ಸಂಶೋಧನೆಯ ಭತ್ಯೆ ಕಡಿಮೆ ಎಂದು ಬೇಕರಿಯವನು ಮೆಲ್ಲಗೆ ನೆನಪಿಸಿದ. ಅವನ ತಾಯಿ, ಹಾಗಾದರೆ ಇನ್ನೊಂದು ಒಲೆ ಹಚ್ಚು, ಈಗ ನಿನ್ನದೇನೂ ಸುಡುವುದಿಲ್ಲವಲ್ಲ ಎಂದಳು. ಅವನು ನಕ್ಕುಬಿಟ್ಟ. ಆ ನಗುವಿನಲ್ಲೇ ತೀರ್ಮಾನವಾಯಿತು.

ತಕ್ಕಡಿಯಮ್ಮ ಪರೀಕ್ಷಾಲಯ ಬಿಟ್ಟು ಸಂಸ್ಥೆಗೆ ಸೇರಿದಳು. ಹೊಸ ಚೀಲ, ಹೊಸ ಬಸ್ಸು, ತನ್ನ ಅರ್ಧ ವಯಸ್ಸಿನ ಜೊತೆಗಾರರು. ಮೊದಲ ವಾರ ಮನೆಗೆ ಬಂದವಳು ಕಾಲು ತೊಳೆಯುವ ಮುಂಚೆಯೇ ಅವತ್ತು ಕಂಡದ್ದನ್ನೆಲ್ಲ ಹೇಳತೊಡಗುತ್ತಿದ್ದಳು. ಬೆಳಕು ಹೊರಬೀಳುವ ದೊಡ್ಡ ಬಿಳಿ ಗೋಳದ ವಿಷಯ, ಅದರ ಬಾಯಿಗೆ ಮಾಪಕ ಹಿಡಿದು ನೋಡುವ ವಿಷಯ. ಮಗಳು ಮೊದಮೊದಲು ಬೇರೆ ಕಡೆ ನೋಡುತ್ತ ಕೇಳಿದಳು. ಆಮೇಲೆ ಪ್ರಶ್ನೆ ಹಾಕಿದಳು. ಬಂದರಿನ ಊರಿಗೆ ಅರ್ಜಿ ಹಾಕಿ, ಹೋಗಿ, ಅಲೆಯ ಮೇಲೆ ಅಲ್ಲಾಡುವ ಹಡಗಿನಲ್ಲಿ ವಾಂತಿ ಮಾಡಿಕೊಂಡೇ ಅಳೆದು ಬಂದಳು. ಅಲ್ಲಿಯವರು ಇಷ್ಟು ವಾಂತಿ ಮಾಡಿಕೊಂಡೂ ಅಂಕಿ ತಪ್ಪದವಳನ್ನು ಕಂಡಿರಲಿಲ್ಲವಂತೆ. ಸೀಟು ಸಿಕ್ಕಿತು. ಅವತ್ತು ಬೇಕರಿಯವನು ಬೀದಿಯವರಿಗೆಲ್ಲ ಕೇಕು ಹಂಚಿದ.

ಮಗಳು ಹೊರಡುವ ವಾರ. ತಕ್ಕಡಿಯಮ್ಮ ತನ್ನದೇ ಲೆಕ್ಕಕ್ಕೆ ಮೊದಲ ಸಲ ಮೈದಾನದಲ್ಲಿ ಅಳೆದು ಬಂದಿದ್ದಳು. ಉಪಗ್ರಹದ ಅಂಕಿಗಳೂ ಕೈಗೆ ಬಂದಿದ್ದವು. ಸಂಜೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ತಾಯಿಮಗಳು ಭುಜಕ್ಕೆ ಭುಜ ತಾಗಿಸಿ ಕೂತರು. ಬೇಕರಿಯವನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದ. ಅತ್ತೆ ಮೊಮ್ಮಗಳ ಹೊಸ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಈ ಸಲ ಕಪ್ಪು ಬಟ್ಟೆ, ಯಾರೂ ಹೇಳುವ ಮುಂಚೆಯೇ.

ಅವಳು ಅಳೆದದ್ದು ಒಂದು, ಉಪಗ್ರಹ ಅಳೆದದ್ದು ಒಂದು, ಎರಡು ಗೆರೆಗಳು ಪರದೆಯ ಮೇಲೆ ಮೂಡಿದವು. ಕೂಡಬೇಕಾದ ಕಡೆ ಕೂಡಲಿಲ್ಲ. ನೀಲಿಯ ಕಡೆ ಒಂದು ಸಣ್ಣ ಸಂದು ಉಳಿಯಿತು. ತನ್ನದೇ ತಪ್ಪಿರಬೇಕೆಂದು ತಕ್ಕಡಿಯಮ್ಮ ಹಲಗೆ, ಕೋನ, ಕತ್ತಲೆಯ ಅಂಕಿ ಎಲ್ಲವನ್ನೂ ಮೊದಲಿಂದ ನೋಡಿದಳು. ಮಗಳು ಇನ್ನೊಂದು ಉಪಗ್ರಹದ ಅಂಕಿ ತಂದು ಪಕ್ಕದಲ್ಲಿಟ್ಟಳು. ಅದರ ಗೆರೆ ತಾಯಿಯ ಗೆರೆಯ ಮೇಲೆ ಹಾಸಿದ ಹಾಗೆ ಕೂತಿತು.

"ಅಮ್ಮ" ಎಂದಳು ಮಗಳು. "ನಿಂದು ಸರಿ. ಅದರದ್ದೇ ತಪ್ಪು. ನೀಲಿ ಕಡಿಮೆ ತೋರಿಸ್ತಿದೆ."

"ಮತ್ತೆ ನೋಡು."

"ನೋಡಿದೆ. ಮತ್ತೆ ಅದೇ ಬರ್ತಿದೆ. ಕಣ್ಣು ಮಂಜಾಗಿದೆ ಅದಕ್ಕೆ. ಇದನ್ನ ಮೊದಲು ಕಂಡವಳು ನೀನೇ ಇರಬೇಕು."

"ನಾವು" ಎಂದಳು ತಕ್ಕಡಿಯಮ್ಮ. ಅವಳು ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳಿಕ ಬಿಡಿಸಿಕೊಂಡಾಗ ಬೆರಳಿನ ಗುರುತು ಉಳಿದಿತ್ತು. ಬೇಕರಿಯವನು ಸೌಟು ಹಿಡಿದುಕೊಂಡೇ ಓಡಿಬಂದು, ಎಲ್ಲಿ, ಯಾವುದು ತಪ್ಪು, ಯಾರದು ಎಂದು ಪರದೆಗೆ ಮುಖ ತೂರಿಸಿದ. ಇಬ್ಬರೂ ಒಟ್ಟಿಗೆ ವಿವರಿಸತೊಡಗಿದರು. ಒಂದು ಮಾತೂ ಅವನಿಗೆ ತಿಳಿಯಲಿಲ್ಲ, ಆದರೂ ಅವರಿಬ್ಬರಿಗಿಂತ ಹೆಚ್ಚು ಹಿಗ್ಗಿದ.

ಅತ್ತೆ ಹಲ್ಲಿನಲ್ಲಿ ದಾರ ಕಡಿದು, ಕನ್ನಡಕದ ಮೇಲಿಂದ ಸೊಸೆಯನ್ನೂ ಮೊಮ್ಮಗಳನ್ನೂ ನೋಡಿದಳು.

"ಇಷ್ಟು ದಿನ ಕೆಳಗಿದ್ದವರ ತಪ್ಪು ಹಿಡೀತಿದ್ರಿ, ಸರಿ. ಈಗ ಮೇಲೆ ಹೋದವರನ್ನೂ ಬಿಡಲ್ವಾ ನೀವು?"